ಗೈರುಹಾಜರಿಯ ಹಿಂದಿನ ನೋವು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು 1995ರ ಎಸ್ಸೆಸ್ಸೆಲ್ಸಿ ತಂಡದವರು. ಬೆಂಗಳೂರಿನ ಬಂಜೆತನ ಚಿಕಿತ್ಸಾ ಕೇಂದ್ರವೊಂದರ ಭ್ರೂಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾರೆ.)



ಸಮಿತಿಯವರು ಫೋನ್ ಮಾಡಿ, “ನೀವು ವಿಜ್ಞಾನ ಕ್ಷೇತ್ರದಲ್ಲಿ ಇದ್ದೀರಿ, ನಿಮ್ಮ ಸಾಧನೆ ಬಗ್ಗೆ ಹದಿನೈದು ನಿಮಿಷ ಮಾತಾಡಿ” ಅಂದರು. ಸಾಧನೆ ಎನ್ನುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಒಂದು ಹೊಟ್ಟೆನೋವಿನ ಕಥೆ ಇದೆ. ಅದನ್ನೇ ಹೇಳುತ್ತೇನೆ ಅಂದೆ. ಗಂಡಸರೆಲ್ಲ ಇರುವ ಸಭೆಯಲ್ಲಿ ಇಂಥ ಮಾತು ಆಡಬಹುದೇ ಎಂದು ನಮ್ಮ ತಾಯಿ ನಿನ್ನೆ ರಾತ್ರಿ ಎರಡು ಸಲ ಕೇಳಿದರು. ಗಂಡಸರು ಇರುವುದರಿಂದಲೇ ಆಡಬೇಕು ಅಂದೆ. ತಪ್ಪಾದರೆ ಹಿರಿಯರು ಕ್ಷಮಿಸಬೇಕು.

ಹೋದ ತಿಂಗಳು ಈ ಸಂಚಿಕೆಗಾಗಿ ಹಳೆಯ ಫೋಟೋ ಹುಡುಕಲು ಶಾಲೆಗೆ ಬಂದಿದ್ದೆ. ಆಫೀಸಿನ ಹಳೆಯ ಬೀರು ತೆರೆದಾಗ ನಮ್ಮ ಕಾಲದ ಒಂದು ಹಾಜರಿ ಪುಸ್ತಕ ಸಿಕ್ಕಿತು. ನಾನು ಎಂಟನೇ ತರಗತಿಗೆ ಸೇರಿದ್ದು 1992ರಲ್ಲಿ. ನನ್ನ ಹೆಸರಿನ ಮುಂದೆ ಬೆರಳಿಟ್ಟು ನೋಡುತ್ತಾ ಹೋದೆ. ಜುಲೈನಲ್ಲಿ ಮೂರು ದಿನ ಗೈರು. ಆಗಸ್ಟ್‌ನಲ್ಲಿ ಮೂರು ದಿನ. ಸೆಪ್ಟೆಂಬರ್‌ನಲ್ಲಿ ನಾಲ್ಕು. ಇಪ್ಪತ್ತೇಳು, ಇಪ್ಪತ್ತೆಂಟು ದಿನಕ್ಕೊಮ್ಮೆ ಸರಿಯಾಗಿ ಲೆಕ್ಕ ಹಾಕಿದ ಹಾಗೆ. ಆ ಪುಟ ನನ್ನ ಕಾಯಿಲೆಯ ಮೊದಲನೇ ದಾಖಲೆ. ಅದು ಕಾಯಿಲೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರುಗಳನ್ನು ದೂರುವಂತಿಲ್ಲ. ಅವರು ಕೇಳಿದಾಗಲೆಲ್ಲ ಜ್ವರ ಸಾರ್, ನೆಂಟರ ಮನೆ ಸಾರ್, ಜಾತ್ರೆ ಸಾರ್ ಎಂದು ಸುಳ್ಳು ಹೇಳಿದವಳು ನಾನೇ.

ಮನೆಯಲ್ಲಿ ಅಕ್ಕರೆಗೆ ಕಡಿಮೆ ಇರಲಿಲ್ಲ. ನಾನು ದೊಡ್ಡವಳಾದಾಗ ಒಸಗೆ ಮಾಡಿದರು, ಕೊಬ್ಬರಿ, ತುಪ್ಪ, ಚಿಗಳಿ ಉಂಡೆ ತಿನ್ನಿಸಿದರು. ಆಮೇಲೆ ಪ್ರತಿ ತಿಂಗಳೂ ಹಿತ್ತಿಲ ಕೋಣೆಯಲ್ಲಿ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಬೆವರುತ್ತಾ ಮಲಗಿರುತ್ತಿದ್ದೆ. ವಾಂತಿ ಆಗುತ್ತಿತ್ತು. ಅಜ್ಜಿ ಜೀರಿಗೆ ಕಷಾಯ ತಂದು ಪಕ್ಕದಲ್ಲಿ ಕೂತು, “ಹೆಣ್ಣು ಜನ್ಮ ಅಂದ್ರೆ ಇದ್ದದ್ದೇ ಕಣವ್ವ, ತಡ್ಕೋ” ಅನ್ನುತ್ತಿದ್ದರು. ಅಮ್ಮ, “ಮದುವೆ ಆದ್ರೆ ಸರಿಹೋಗುತ್ತೆ” ಅನ್ನುತ್ತಿದ್ದರು. ಮದುವೆ ಆಯಿತು. “ಒಂದು ಮಗು ಆದ್ರೆ ಸರಿಹೋಗುತ್ತೆ” ಅಂದರು. ಮಗು ಆಗಲಿಲ್ಲ.

ನಡುವೆ ಒಂದು ಸಲ ನೋವು ಜೋರಾಗಿ, ಒಂದು ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಎಂದು ತೆಗೆದರು. ಮುಂದಿನ ತಿಂಗಳು ನೋವು ಮತ್ತೆ ಬಂತು. ಇನ್ನೊಬ್ಬ ವೈದ್ಯರು ಸ್ಕ್ಯಾನಿಂಗ್ ನೋಡಿ ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು. ಕೊನೆಗೆ 2010ರಲ್ಲಿ ಬೆಂಗಳೂರಿನಲ್ಲಿ ಲ್ಯಾಪರೋಸ್ಕೋಪಿ ಮಾಡಿದಾಗ ಕಾಯಿಲೆಗೆ ಹೆಸರು ಸಿಕ್ಕಿತು. ಎಂಡೋಮೆಟ್ರಿಯೋಸಿಸ್. ಎಂಟನೇ ತರಗತಿಯಿಂದ ಅಲ್ಲಿಗೆ ಹದಿನೆಂಟು ವರ್ಷ.

ಈ ಹೆಸರು ನಾಲಿಗೆಗೆ ಕಷ್ಟ. ಆದರೆ ವಿಷಯ ಕಷ್ಟವಲ್ಲ. ಬಿತ್ತನೆಗೆ ಮುಂಚೆ ಹೊಲ ಹದ ಮಾಡುತ್ತೇವಲ್ಲ, ಹಾಗೆ ದೇಹ ಪ್ರತಿ ತಿಂಗಳೂ ಗರ್ಭಕೋಶದ ಒಳಗೋಡೆಯ ಮೇಲೆ ಒಂದು ಪದರವನ್ನು ಬೆಳೆಸುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ ರಕ್ತದ ಜೊತೆ ಹೊರಗೆ ಹೋಗುತ್ತದೆ. ಅದೇ ಮುಟ್ಟು. ಕೆಲವು ಹೆಣ್ಣುಮಕ್ಕಳಲ್ಲಿ ಆ ಪದರವನ್ನೇ ಹೋಲುವ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುತ್ತದೆ: ಅಂಡಾಶಯದ ಮೇಲೆ, ಗರ್ಭನಾಳದ ಸುತ್ತ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ. ತಿಂಗಳ ಹಾರ್ಮೋನುಗಳ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ, ರಕ್ತ ಒಸರುತ್ತದೆ. ಆದರೆ ಆ ರಕ್ತಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಅಲ್ಲೇ ಉರಿಯೂತವಾಗುತ್ತದೆ, ಗಾಯ ಕಟ್ಟುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡು ಕಂದು ಬಣ್ಣದ ಗುಳ್ಳೆ ಆಗುವುದುಂಟು. ಅದಕ್ಕೆ ವೈದ್ಯರು ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ನನಗೆ ಎರಡೂ ಕಡೆ ಇತ್ತು.

ಇದು ಕ್ಯಾನ್ಸರ್ ಅಲ್ಲ. ಅಂಟುರೋಗ ಅಲ್ಲ. ಮೈಲಿಗೆಯಿಂದಲೋ ಶಾಪದಿಂದಲೋ ಬಂದದ್ದಲ್ಲ. ತಾಯಿಗೋ ಅಕ್ಕನಿಗೋ ಇದ್ದರೆ ಮಗಳಿಗೆ, ತಂಗಿಗೆ ಬರುವ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ, ಜಗತ್ತಿನಲ್ಲಿ ಒಟ್ಟು 19 ಕೋಟಿ ಜನಕ್ಕೆ ಇದು ಇದೆ. ಸಕ್ಕರೆ ಕಾಯಿಲೆ ಹೆಸರು ಗೊತ್ತಿಲ್ಲದವರು ಈ ಊರಲ್ಲಿ ಯಾರೂ ಇಲ್ಲ. ಈ ಕಾಯಿಲೆಯ ಹೆಸರು ಇವತ್ತು ಮೊದಲ ಸಲ ಕೇಳಿದವರು ಎಷ್ಟು ಮಂದಿ, ನೀವೇ ಯೋಚಿಸಿ.

ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ. ಹೇಮಾವತಿ ಹಿನ್ನೀರು ಏರಿದಾಗ ನಮ್ಮ ಇಗರ್ಜಿ ಅರ್ಧ ಮುಳುಗಿರುತ್ತದೆ. ಆಗ ಬಂದು ನೋಡಿದವರು ಕಟ್ಟಡ ಇಷ್ಟೇ ಅಂದುಕೊಳ್ಳಬಹುದು. ಬೇಸಿಗೆಯಲ್ಲಿ ಬಂದವರಿಗೆ ಬುಡದವರೆಗೂ ಕಾಣುತ್ತದೆ. ಈ ಕಾಯಿಲೆಯೂ ಹಾಗೆಯೇ. ಗುಳ್ಳೆ ಇದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ತೆಳುವಾಗಿ ಹರಡಿರುವುದು ಕಾಣದೆ ಹೋಗಬಹುದು. ಕಾಯಿಲೆ ಎಷ್ಟು ಹರಡಿದೆ ಎನ್ನುವುದಕ್ಕೂ ನೋವು ಎಷ್ಟು ಎನ್ನುವುದಕ್ಕೂ ನೇರ ಸಂಬಂಧ ಇಲ್ಲ. ಹಾಗಾಗಿ ಒಳ್ಳೆಯ ವೈದ್ಯರು ಮೊದಲು ಯಂತ್ರದ ಮಾತು ಕೇಳುವುದಿಲ್ಲ, ಹೆಣ್ಣುಮಗಳ ಮಾತು ಕೇಳುತ್ತಾರೆ. ಹೇಳುವುದಕ್ಕೆ ಆಕೆಗೆ ಬಾಯಿ ಬರಬೇಕು, ಅಷ್ಟೇ.

ಯಾಕೆ ಬರುತ್ತದೆ? ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೆ, ಗರ್ಭನಾಳದ ಮೂಲಕ ಹೊಟ್ಟೆಯೊಳಕ್ಕೆ ಹರಿದು ಅಲ್ಲಿ ಬೇರು ಬಿಡುತ್ತದೆ ಎಂದು ಅಮೆರಿಕದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯರು 1920ರ ದಶಕದಲ್ಲಿ ಹೇಳಿದರು. ಆದರೆ ಹಾಗೆ ಹಿಂದಕ್ಕೆ ಹರಿಯುವುದು ಬಹುಪಾಲು ಹೆಂಗಸರಲ್ಲಿ ಇರುವಂಥದ್ದೇ. ಹತ್ತರಲ್ಲಿ ಒಬ್ಬಳಿಗೆ ಮಾತ್ರ ಕಾಯಿಲೆ ಯಾಕೆ ಅಂಟುತ್ತದೆ ಎನ್ನುವುದು ನೂರು ವರ್ಷವಾದರೂ ಪೂರ್ತಿ ಬಗೆಹರಿದಿಲ್ಲ. 2023ರಲ್ಲಿ 60 ಸಾವಿರಕ್ಕೂ ಹೆಚ್ಚು ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಕಾಯಿಲೆಯ ಜೊತೆ ನಂಟಿರುವ 42 ಜಾಗಗಳನ್ನು ಅದು ಗುರುತಿಸಿತು. ಆ ರೋಗಿಗಳು ಯೂರೋಪ್ ಮೂಲದವರು ಮತ್ತು ಪೂರ್ವ ಏಷ್ಯಾದವರು. ನಮ್ಮಂಥವರ ಲೆಕ್ಕ ಅದರಲ್ಲಿಲ್ಲ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಮುಂಬೈಯ ಸಂಸ್ಥೆ, ದೇಶದ ಬೇರೆ ಬೇರೆ ಕೇಂದ್ರಗಳಲ್ಲಿ ನಮ್ಮ ಹೆಣ್ಣುಮಕ್ಕಳ ಮಾಹಿತಿಯನ್ನು ಕಲೆಹಾಕುವ ಕೆಲಸ ಮಾಡುತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಸಂಶೋಧನೆ ಅಂದರೆ ದೊಡ್ಡ ಯಂತ್ರ, ಬಿಳಿ ಕೋಟು ಎಂದು ನಾನೂ ಅಂದುಕೊಂಡಿದ್ದೆ. ಬಹಳಷ್ಟು ಸಂಶೋಧನೆ ಶುರುವಾಗುವುದು ಯಾರೋ ನಿಷ್ಠೆಯಿಂದ ಬರೆದಿಟ್ಟ ಒಂದು ಪುಸ್ತಕದಿಂದ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಇದೆ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಅಲ್ಲಿನ ದಾದಿಯರು 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದರು. 1990ರ ದಶಕದಲ್ಲಿ ಆಸ್ಪತ್ರೆಯವರೂ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಸೇರಿ ಆ ಪುಸ್ತಕಗಳನ್ನು ಹಿಡಿದು, ಮೈಸೂರಿನ ಬೀದಿಗಳಲ್ಲಿ ಆ ಮಕ್ಕಳನ್ನು ಹುಡುಕಿದರು. ಮಕ್ಕಳು ಆಗಲೇ ನಡುವಯಸ್ಸಿಗೆ ಬಂದಿದ್ದರು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ಪರೀಕ್ಷೆಯಲ್ಲಿ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಕಂಡುಬಂತು. ಬಸುರಿಯ ಹೊಟ್ಟೆಗೆ ಏನು ಬಿದ್ದಿತು ಎನ್ನುವುದು ಮಗುವಿನ ಐವತ್ತನೇ ವರ್ಷಕ್ಕೂ ಸಂಬಂಧಪಟ್ಟದ್ದು ಎಂಬ ವಿಚಾರಕ್ಕೆ ನಮ್ಮ ಮೈಸೂರೇ ಸಾಕ್ಷಿ ಒದಗಿಸಿತು. ತೂಕ ಬರೆದಿಟ್ಟ ದಾದಿಯರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವರು ಬರೆದಿಟ್ಟರು, ಅಷ್ಟೇ.

ಇನ್ನೊಂದು ಕಥೆ ನನ್ನ ಕೆಲಸಕ್ಕೇ ಸೇರಿದ್ದು. ಪ್ರನಾಳ ಶಿಶು ಎಂದು ಕೇಳಿದ್ದೀರಿ. ಜಗತ್ತಿನ ಮೊದಲನೇ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿತು. ಅದಾಗಿ 70 ದಿನಕ್ಕೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ದುರ್ಗಾ ಎಂಬ ಹೆಣ್ಣುಮಗು ಹುಟ್ಟಿತು. ಮಾಡಿದವರು ಡಾ. ಸುಭಾಷ್ ಮುಖೋಪಾಧ್ಯಾಯ. ಅವರು ಭ್ರೂಣವನ್ನು ಶೀತಲೀಕರಿಸಿಟ್ಟು, ಆಮೇಲೆ ಗರ್ಭಕೋಶಕ್ಕೆ ಸೇರಿಸಿದ್ದರು. ಇವತ್ತು ನಾನು ದಿನವೂ ಮಾಡುವ ಕೆಲಸ ಅದು. ಆ ಕಾಲದಲ್ಲಿ ಯಾರೂ ನಂಬಲಿಲ್ಲ. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ತಳ್ಳಿಹಾಕಿತು. ಹೊರದೇಶದ ಸಭೆಗೆ ಹೋಗಲು ಬಿಡಲಿಲ್ಲ. 1981ರ ಜೂನ್ 19ರಂದು ಅವರು ತಮ್ಮ ಜೀವ ತಾವೇ ತೆಗೆದುಕೊಂಡರು.

1986ರ ಆಗಸ್ಟ್ 6ರಂದು ಮುಂಬೈಯಲ್ಲಿ ಹರ್ಷ ಎಂಬ ಮಗು ಹುಟ್ಟಿದಾಗ ದೇಶದ ಮೊದಲ ಪ್ರನಾಳ ಶಿಶು ಎಂದು ಎಲ್ಲರೂ ಬರೆದರು. ಅದನ್ನು ಸಾಧಿಸಿದ ವಿಜ್ಞಾನಿ ಡಾ. ಟಿ. ಸಿ. ಆನಂದಕುಮಾರ್, ಅವರ ಜೊತೆಗಿದ್ದ ವೈದ್ಯೆ ಡಾ. ಇಂದಿರಾ ಹಿಂದುಜಾ. ಆನಂದಕುಮಾರ್ ಆಮೇಲೆ ಬೆಂಗಳೂರಿಗೆ ಬಂದು ಬಂಜೆತನ ಚಿಕಿತ್ಸಾ ಕೇಂದ್ರ ನಡೆಸಿದರು. 1997ರಲ್ಲಿ ಸುಭಾಷ್ ಅವರ ಹಳೆಯ ಟಿಪ್ಪಣಿಗಳು ಅವರ ಕೈಗೆ ಬಂದವು. ಒಂದೊಂದೇ ಹಾಳೆ ಓದಿದರು. ಓದಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ದೇಶದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಸುಭಾಷ್ ಅವರಿಗೆ ಸಲ್ಲಬೇಕು ಎಂದು ಬರೆದರು. ಮೊದಲಿಗ ಎಂಬ ಹೆಸರು ತಮ್ಮ ಪಾಲಿಗಿದ್ದಾಗ ಅದನ್ನು ತೀರಿಹೋದ ಇನ್ನೊಬ್ಬನಿಗೆ ಬಿಟ್ಟುಕೊಟ್ಟರು. ಮಕ್ಕಳೇ, ವಿಜ್ಞಾನಿ ಅಂದರೆ ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಬರೆಯಿರಿ.

ಈಗ ಮಕ್ಕಳಾಗದ ವಿಷಯ. ಎಂಡೋಮೆಟ್ರಿಯೋಸಿಸ್ ಇದ್ದವರಿಗೆಲ್ಲ ಮಕ್ಕಳಾಗುವುದಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಎಷ್ಟೋ ಜನಕ್ಕೆ ತಾನಾಗಿಯೇ ಆಗುತ್ತದೆ. ಆದರೆ ಗರ್ಭನಾಳ ಅಂಟಿಕೊಂಡರೆ, ಅಂಡಾಶಯ ಜಖಂ ಆದರೆ ಕಷ್ಟವಾಗುತ್ತದೆ. ಬೇಗ ಗೊತ್ತಾದಷ್ಟೂ ದಾರಿಗಳು ಹೆಚ್ಚು. ನನಗೆ ತಡವಾಗಿ ಗೊತ್ತಾಯಿತು. ಶಸ್ತ್ರಚಿಕಿತ್ಸೆ ಆಯಿತು, ಎರಡು ಸಲ ಐವಿಎಫ್ ಆಯಿತು. ಮಗು ನಿಲ್ಲಲಿಲ್ಲ. ಐವಿಎಫ್ ಅಂದರೆ ಖಾತ್ರಿ ಅಲ್ಲ. ಅದನ್ನು ಆ ಪ್ರಯೋಗಾಲಯದಲ್ಲೇ ಕೆಲಸ ಮಾಡುವ ನಾನೇ ಹೇಳುತ್ತಿದ್ದೇನೆ. ಖಾತ್ರಿ ಎಂದು ಹೇಳಿ ಹೊಲ ಅಡ ಇಡಿಸುವವರನ್ನು ನಂಬಬೇಡಿ. 2021ರ ಕಾಯ್ದೆಯ ಪ್ರಕಾರ ಇಂಥ ಪ್ರತಿ ಕೇಂದ್ರವೂ ನೋಂದಣಿ ಆಗಿರಬೇಕು. ಮೊದಲು ಅದನ್ನು ಕೇಳಿ.

ಇನ್ನೊಂದು ಮಾತು ಗಂಡಸರಿಗೆ. ಮದುವೆಯಾಗಿ ಎರಡು ವರ್ಷ ನನ್ನನ್ನು ಹಾಸನಾಂಬೆಯ ದರ್ಶನಕ್ಕೆ, ಹರಕೆಗೆ, ರಕ್ತಪರೀಕ್ಷೆಗೆ ಎಲ್ಲ ಕಡೆ ಕರೆದುಕೊಂಡು ಹೋದರು. ನಮ್ಮ ಯಜಮಾನರ ಪರೀಕ್ಷೆ ಆಗಿದ್ದು ಎರಡು ವರ್ಷ ಕಳೆದ ಮೇಲೆ. ಅದು ಅರ್ಧ ದಿನದ ಕೆಲಸ, ಸೂಜಿ ಕೂಡ ಚುಚ್ಚುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಹಾಗಿದ್ದೂ ನಮ್ಮ ಭಾಷೆಯಲ್ಲಿ ‘ಬಂಜೆ’ ಎಂಬ ಬೈಗುಳ ಇರುವುದು ಹೆಣ್ಣಿಗೆ ಮಾತ್ರ. ನಮ್ಮ ಚಿಕ್ಕಮ್ಮನೊಬ್ಬರಿಗೆ ಇದೇ ನೋವಿತ್ತು ಎಂದು ಈಗ ನನಗೆ ಅನಿಸುತ್ತದೆ. ಅವರನ್ನು ಐದು ವರ್ಷಕ್ಕೆ ತವರಿಗೆ ಕಳಿಸಿಬಿಟ್ಟರು. ಯಾರ ಮನೆಯಲ್ಲಿ ಸೀಮಂತ ಆದರೂ ಅವರು ಅಡುಗೆ ಮನೆಯಲ್ಲೇ ಇರುತ್ತಿದ್ದರು, ಮಡಿಲು ತುಂಬಲು ಯಾರೂ ಕರೆಯುತ್ತಿರಲಿಲ್ಲ. ತೀರಿಕೊಳ್ಳುವವರೆಗೂ ಅವರು ತಮ್ಮದೇ ತಪ್ಪು ಎಂದು ನಂಬಿದ್ದರು. ನನಗೂ ಮಕ್ಕಳಿಲ್ಲ. ಇದನ್ನು ಊರಿನ ಮುಂದೆ ಮೈಕಿನಲ್ಲಿ ಹೇಳುತ್ತಿರುವುದು ಚಿಕ್ಕಮ್ಮನಿಗಾಗಿ.

ಈ ವಿಷಯದಲ್ಲಿ ನಮ್ಮ ನಾಡು ಹಿಂದುಳಿದದ್ದೇನೂ ಅಲ್ಲ. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಸರ್ಕಾರವೇ ತೆರೆದ ಅಂಥ ಕ್ಲಿನಿಕ್ ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ವೈದ್ಯೆ, ಲೇಖಕಿ ಡಾ. ಅನುಪಮಾ ನಿರಂಜನ ಅವರು ‘ಕೇಳು ಕಿಶೋರಿ’, ‘ತಾಯಿ ಮಗು’ ಎಂಬ ಪುಸ್ತಕಗಳನ್ನು ಸರಳ ಕನ್ನಡದಲ್ಲಿ ಬರೆದುಕೊಟ್ಟರು. ‘ಕೇಳು ಕಿಶೋರಿ’ ನಾನು ಓದಿದ್ದು ಇದೇ ಶಾಲೆಯ ಲೈಬ್ರರಿ ಬೀರುವಿನಿಂದ. ನಮ್ಮ ಮೇಡಂ ಒಬ್ಬರು ಅದನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ನನ್ನ ಮೈಯನ್ನು ನಾಚಿಕೆಯಿಲ್ಲದೆ ಕನ್ನಡದಲ್ಲಿ ಓದಬಹುದು ಎಂದು ಗೊತ್ತಾದದ್ದು ಅವತ್ತು. ನಾನು ಜೀವವಿಜ್ಞಾನ ತೆಗೆದುಕೊಂಡದ್ದಕ್ಕೆ ಆ ಪುಸ್ತಕವೂ ಒಂದು ಕಾರಣ. ಹೋದ ವರ್ಷ, 2025ರ ಅಕ್ಟೋಬರ್‌ನಲ್ಲಿ, ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರ ಬಾಯಿಬಿಟ್ಟು ಆಡಿದ ಮಾತನ್ನು ನಾವು ಮನೆಯಲ್ಲಿ ಆಡಲು ಹಿಂಜರಿಯಬೇಕಿಲ್ಲ.

ಏನು ಮಾಡಬೇಕು? ಎಲ್ಲ ಮುಟ್ಟಿನ ನೋವೂ ಕಾಯಿಲೆಯಲ್ಲ. ಮೊದಲ ದಿನ ಸ್ವಲ್ಪ ಸೆಳೆತ, ಬಿಸಿನೀರಿನ ಶಾಖಕ್ಕೆ ತಗ್ಗುವ ನೋವು ಬಹಳ ಮಂದಿಗೆ ಇರುತ್ತದೆ. ಆದರೆ ನೋವಿನಿಂದ ಮಗು ಶಾಲೆ ಬಿಡುವಂತಾದರೆ, ವಾಂತಿಯಾದರೆ, ವೈದ್ಯರು ಕೊಟ್ಟ ನೋವಿನ ಮಾತ್ರೆಗೂ ಬಗ್ಗದಿದ್ದರೆ, ಆ ದಿನಗಳಲ್ಲಿ ಮಲ ಮೂತ್ರಕ್ಕೆ ಹೋಗುವಾಗ ನೋವಾದರೆ, ಮದುವೆಯಾದವರಿಗೆ ದಾಂಪತ್ಯದಲ್ಲಿ ನೋವಾದರೆ, ಅದು ತಡೆದುಕೊಳ್ಳುವ ನೋವಲ್ಲ, ತೋರಿಸುವ ನೋವು. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿ. ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಆಗದಿದ್ದರೆ ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗ ಇದೆ. ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ಬಂದಿಲ್ಲ. ಆದರೆ ನೋವಿನ ಮಾತ್ರೆ, ಹಾರ್ಮೋನ್ ಮಾತ್ರೆ, ಬೇಕಾದವರಿಗೆ ಲ್ಯಾಪರೋಸ್ಕೋಪಿ, ಇವುಗಳಿಂದ ಹತೋಟಿಯಲ್ಲಿ ಇಡಬಹುದು.

ಒಂದು ಎಚ್ಚರಿಕೆ. ಹೊಟ್ಟೆನೋವು ಎಂದು ಹೋದ ಕೂಡಲೇ, “ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ” ಎಂದು ಯಾರಾದರೂ ಹೇಳಿದರೆ ಅವಸರಪಡಬೇಡಿ. ಇನ್ನೊಬ್ಬ ವೈದ್ಯರನ್ನು ಕೇಳಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಈ ಕಾಯಿಲೆ ಇರುವುದು ಗರ್ಭಕೋಶದ ಹೊರಗೆ. ಗರ್ಭಕೋಶ ತೆಗೆದರೂ ಕೆಲವರಿಗೆ ನೋವು ಉಳಿಯುತ್ತದೆ.

ಕೊನೆಯದಾಗಿ ಒಂದು ಸುಲಭದ ಕೆಲಸ. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರ್ ನೋಡಿ. ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆದಿರುತ್ತೇವೆ. ಹಸು ಬೆದೆಗೆ ಬಂದ ದಿನ, ಇಂಜೆಕ್ಷನ್ ಕೊಡಿಸಿದ ದಿನ, ಗಬ್ಬ ನಿಂತಿದೆಯೇ ಎಂದು ಡಾಕ್ಟರು ನೋಡಬೇಕಾದ ದಿನ ಎಲ್ಲ ಬರೆದಿರುತ್ತೇವೆ. ಒಂದು ದಿನ ತಪ್ಪಿದರೂ ನಮ್ಮಪ್ಪ ಬೈಯುತ್ತಿದ್ದರು. (ಸಭೆಯಲ್ಲಿ ನಗು.) ನಗಬೇಡಿ, ನಿಜ ತಾನೇ? ಅದೇ ಕ್ಯಾಲೆಂಡರಿನಲ್ಲಿ ಮಗಳ ಮುಟ್ಟಿನ ದಿನಕ್ಕೆ ಒಂದು ಚುಕ್ಕೆ ಇಡಿ. ನೋವು ಹೆಚ್ಚಾದ ದಿನಕ್ಕೆ ಎರಡು ಚುಕ್ಕೆ, ಶಾಲೆಗೆ ಹೋಗಲಾಗದ ದಿನಕ್ಕೆ ಮೂರು. ಆರು ತಿಂಗಳು ಹೀಗೆ ಬರೆದು ಡಾಕ್ಟರ ಮುಂದೆ ಇಟ್ಟರೆ, ನಾನು ಹದಿನೆಂಟು ವರ್ಷ ಹೇಳಲಾರದೆ ಹೋದದ್ದನ್ನು ಆ ಹಾಳೆ ಎರಡು ನಿಮಿಷದಲ್ಲಿ ಹೇಳುತ್ತದೆ.

ಶಿಕ್ಷಕರಲ್ಲಿ ನನ್ನ ವಿನಂತಿಯೂ ಇದೇ. ಹಾಜರಿ ಪುಸ್ತಕದಲ್ಲಿ ಒಂದು ಹೆಣ್ಣುಮಗು ತಿಂಗಳಿಗೊಮ್ಮೆ ಎರಡು ಮೂರು ದಿನ ತಪ್ಪಿಸುತ್ತಿದ್ದರೆ, ತರಗತಿಯಲ್ಲಿ ಎಲ್ಲರ ಮುಂದೆ ಕಾರಣ ಕೇಳಬೇಡಿ. ಮೇಡಂ ಒಬ್ಬರು ಪಕ್ಕಕ್ಕೆ ಕರೆದು ಕೇಳಲಿ. ನನ್ನ ತಮ್ಮನ ಮಗಳು ಈಗ ಒಂಬತ್ತನೇ ತರಗತಿ. ಅವಳಿಗೂ ಇದೇ ನೋವು ಶುರುವಾಯಿತು. ಮೊದಲ ವರ್ಷವೇ ತೋರಿಸಿದೆವು, ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಈ ವರ್ಷ ಅವಳು ಗೈರುಹಾಜರಾದದ್ದು ಎರಡೇ ದಿನ. ಅದೂ ಜಾತ್ರೆಗೆ, ಈ ಸಲ ನಿಜವಾಗಿಯೂ ಜಾತ್ರೆಗೆ.

ನಮ್ಮ 1995ರ ತಂಡದವರು ಶಾಲೆಗೆ ಏನು ಕೊಡೋಣ ಎಂದು ಯೋಚಿಸಿದಾಗ ಗಡಿಯಾರ, ನೀರಿನ ಫಿಲ್ಟರ್ ಎಂದೆಲ್ಲ ಮಾತಾಯಿತು. ಕಡೆಗೆ ಹೆಣ್ಣುಮಕ್ಕಳ ಕೊಠಡಿಗೆ ಎರಡು ಮಂಚ, ಬಿಸಿನೀರಿನ ಚೀಲ, ಒಂದು ಬೀರು ಎಂದು ತೀರ್ಮಾನಿಸಿದೆವು. ಹಣ ಹೆಚ್ಚು ಹಾಕಿದವರು ನಮ್ಮ ತಂಡದ ಗಂಡುಹುಡುಗರು. ಅವರಿಗೆ ಈ ಸಭೆಯ ಮುಂದೆ ಕೈಮುಗಿಯುತ್ತೇನೆ. ಬೀರುವಿನಲ್ಲಿ ‘ಕೇಳು ಕಿಶೋರಿ’ಯ ಪ್ರತಿಗಳನ್ನು ಇಟ್ಟಿದ್ದೇವೆ. ವೃತ್ತಪತ್ರಿಕೆಯಲ್ಲಿ ಸುತ್ತಿಲ್ಲ.